ಕೋಳಿಮನೆಯ ನೈರ್ಮಲ್ಯ ಮತ್ತು ಹಾಸಿನ ಆಯ್ಕೆ

ಮೈಸೂರು ನಗರ ಬೆಳೆದಂತೆ ಸುತ್ತಲಿನ ಕೊಪ್ಪಲುಗಳೂ ಹಳ್ಳಿಗಳೂ ಬಡಾವಣೆಗಳ ನಡುವೆ ಸೇರಿಹೋಗಿವೆ. ಆದರೂ ಅಲ್ಲಿನ ಮನೆಗಳ ಹಿತ್ತಲಿನಲ್ಲಿ ಹತ್ತು ಇಪ್ಪತ್ತು ಕೋಳಿ ಸಾಕುವ ವಾಡಿಕೆ ಉಳಿದುಬಂದಿದೆ. ಕೆಲವರು ನಾಟಿಕೋಳಿ ಸಾಕಿದರೆ, ಮತ್ತೆ ಕೆಲವರು 1980ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯ ರೂಪಿಸಿದ ಗಿರಿರಾಜ ತಳಿಯನ್ನು ಸಾಕುತ್ತಾರೆ. ಹಳ್ಳಿಯಲ್ಲಿ ಕೋಳಿ ಹಗಲೆಲ್ಲ ತಿಪ್ಪೆ ಕೆದಕಿ, ಸಂಜೆಗೆ ಮಾತ್ರ ಗೂಡು ಸೇರುತ್ತದೆ. ನಗರದಲ್ಲಿ ಹಾಗಲ್ಲ. 30 ಅಡಿಗೆ 40 ಅಡಿ ನಿವೇಶನ, ಬೀದಿನಾಯಿ, ವಾಹನಗಳ ಓಡಾಟ, ಪಕ್ಕದ ಮನೆಯವರ ಹೂಗಿಡ, ಇವುಗಳ ನಡುವೆ ಕೋಳಿ ದಿನದ ಬಹುಪಾಲನ್ನು ಗೂಡಿನಲ್ಲೇ ಕಳೆಯಬೇಕಾಗುತ್ತದೆ. ಹಾಕಿದ ಹಿಕ್ಕೆಯೆಲ್ಲ ಅಲ್ಲೇ ಬೀಳುತ್ತದೆ. ಹೀಗಾಗಿ ಹಳ್ಳಿಯಲ್ಲಿ ಯಾರೂ ಅಷ್ಟಾಗಿ ಯೋಚಿಸದ ಹಾಸಿನ ವಿಷಯ ಇಲ್ಲಿ ಮೊದಲು ಯೋಚಿಸಬೇಕಾದ ವಿಷಯವಾಗುತ್ತದೆ.

2020ರ ಮಾರ್ಚ್ ತಿಂಗಳಲ್ಲಿ ನಗರದ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ, ರೋಗ ಕಂಡ ಸ್ಥಳದಿಂದ 1 ಕಿಲೋಮೀಟರ್ ವ್ಯಾಪ್ತಿಯೊಳಗಿನ ಕೋಳಿಗಳನ್ನು ನಾಶಪಡಿಸಬೇಕಾಯಿತು. ಚೊಕ್ಕಟವಾಗಿ ಸಾಕಿದವರ ಕೋಳಿ, ಹೊಲಸಾಗಿ ಸಾಕಿದವರ ಕೋಳಿ ಎಂಬ ಭೇದ ಅಲ್ಲಿರಲಿಲ್ಲ. ಅಂಥ ರೋಗ ಎಂದೋ ಒಮ್ಮೆ ಬರುವಂಥದು. ಬಂದರೆ ಊರೆಲ್ಲ ಸುದ್ದಿ. ಆದರೆ ಹಿತ್ತಲಿನ ಕೋಳಿಗಳನ್ನು ವರ್ಷವರ್ಷವೂ ಸದ್ದಿಲ್ಲದೆ ಕಳೆಯುವ ಕಾಯಿಲೆಗಳು ಬೇರೆಯೇ ಇವೆ. ಮರಿಗಳ ರಕ್ತಭೇದಿ, ಬೂಷ್ಟಿನಿಂದ ಬರುವ ಶ್ವಾಸಕೋಶದ ರೋಗ, ಕಣ್ಣಿನ ಊತ, ಜಂತುಹುಳು, ಇವುಗಳಿಗೆಲ್ಲ ತವರು ಒಂದೇ: ಒದ್ದೆಯಾದ ಹಾಸು.

ನೀರಿನ ಲೆಕ್ಕ

ಮೊಟ್ಟೆ ಇಡುವ ಒಂದು ಕೋಳಿ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಹಿಕ್ಕೆ ಹಾಕುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೀರು. ಕೋಳಿ ಬೇರೆಯಾಗಿ ಮೂತ್ರ ಮಾಡುವುದಿಲ್ಲ. ಹಿಕ್ಕೆಯ ಮೇಲೆ ಕಾಣುವ ಬಿಳಿ ಭಾಗವೇ ಅದರ ಮೂತ್ರ. 20 ಕೋಳಿಗಳಿದ್ದು, ಅವು ಹೆಚ್ಚು ಹೊತ್ತು ಒಳಗೇ ಇರುವುದಾದರೆ ದಿನಕ್ಕೆ ಒಂದೂವರೆ ಲೀಟರಿಗೂ ಮೇಲ್ಪಟ್ಟು ನೀರು ಹಾಸಿನ ಮೇಲೆ ಬೀಳುತ್ತದೆ. ತಿಂಗಳಿಗೆ ಸುಮಾರು 50 ಲೀಟರ್, ಅಂದರೆ ಏನಿಲ್ಲವೆಂದರೂ ನಾಲ್ಕು ಬಿಂದಿಗೆ. ತಮ್ಮ ಕೋಳಿಮನೆಯೊಳಗೆ ತಾವಾಗಿ ನಾಲ್ಕು ಬಿಂದಿಗೆ ನೀರು ಸುರಿಯುವವರು ಯಾರೂ ಇಲ್ಲ. ಆದರೆ ಕೋಳಿಗಳು ಪ್ರತಿ ತಿಂಗಳೂ ಸುರಿಯುತ್ತಲೇ ಇರುತ್ತವೆ.

ಈಗ ಹಾಸಿನ ಕಡೆ ನೋಡೋಣ. 20 ಕೋಳಿಗಳಿಗೆ, ಒಂದಕ್ಕೆ ಎರಡರಿಂದ ಎರಡೂವರೆ ಚದರ ಅಡಿಯಂತೆ, 8 ಅಡಿಗೆ 6 ಅಡಿಯ ಮನೆ ಸಾಕು. ಅದರ ನೆಲದ ಮೇಲೆ 3 ಅಂಗುಲ ದಪ್ಪ ಭತ್ತದ ಹೊಟ್ಟು ಹರಡಲು 12 ಘನ ಅಡಿ ಹೊಟ್ಟು ಬೇಕು. ತೂಕದಲ್ಲಿ ಅದು ಸುಮಾರು 35 ಕಿಲೋ. ಹಾಸಿನಲ್ಲಿ ನೂರಕ್ಕೆ 20ರಿಂದ 25 ಭಾಗ ತೇವ ಇದ್ದರೆ ಹಿತ. 30 ಭಾಗ ದಾಟಿದರೆ ಅದು ಹೆಪ್ಪುಗಟ್ಟಲು ಮೊದಲಾಗುತ್ತದೆ. ಹಿಕ್ಕೆಯಿಂದ ಬಂದ ನೀರು ಆವಿಯಾಗಿ ಹೋಗದೆ ಹಾಸಿನಲ್ಲೇ ನಿಂತರೆ ಈ 35 ಕಿಲೋ ಹೊಟ್ಟು ಒಂದು ವಾರದೊಳಗೆ ಆ ಮಿತಿ ತಲಪುತ್ತದೆ. ಆದರೂ ಸರಿಯಾಗಿ ಕಟ್ಟಿದ ಕೋಳಿಮನೆಯಲ್ಲಿ ಅದೇ ಹೊಟ್ಟು ತಿಂಗಳುಗಟ್ಟಲೆ ಒಣಗಿಯೇ ಇರುತ್ತದೆ. ಕಾರಣ, ಅಲ್ಲಿ ಗಾಳಿ ಆ ನೀರನ್ನು ಹೊತ್ತೊಯ್ಯುತ್ತಿರುತ್ತದೆ.

ಹಾಸನ್ನು ಆರಿಸುವಾಗ ಸಾಮಾನ್ಯವಾಗಿ ಜನ ನೋಡುವುದು ಅದು ಎಷ್ಟು ನೀರು ಹೀರುತ್ತದೆ ಎಂಬುದನ್ನು. ಅದಕ್ಕಿಂತ ಮುಖ್ಯವಾದುದು ಹೀರಿದ ನೀರನ್ನು ಅದು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬುದು. ಬಹಳ ಹೀರಿ, ಬಿಡದೆ ಹಿಡಿದುಕೊಳ್ಳುವ ಹಾಸು ಮೊದಲ ವಾರ ಚೆನ್ನಾಗಿ ಕಂಡು, ಮಳೆ ಹಿಡಿದೊಡನೆ ಕೈಕೊಡುತ್ತದೆ.

ಒದ್ದೆ ಹಾಸಿನಲ್ಲಿ ಏನಾಗುತ್ತದೆ?

ಹಿಕ್ಕೆಯ ಬಿಳಿ ಭಾಗದಲ್ಲಿರುವ ಯೂರಿಕ್ ಆಮ್ಲವನ್ನು ತೇವ ಸಿಕ್ಕಿದರೆ ಸೂಕ್ಷ್ಮಜೀವಿಗಳು ಒಡೆದು ಅಮೋನಿಯಾ ಅನಿಲವನ್ನುಂಟುಮಾಡುತ್ತವೆ. ಮೂಗಿಗೆ ಚುರುಕು ಮುಟ್ಟಿಸುವ ಘಾಟು ಇದೇ. ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ ಅಮೋನಿಯಾ ಇದ್ದರೂ ಕೋಳಿಗೆ ತೊಂದರೆ ಮೊದಲಾಗುತ್ತದೆ. ಶ್ವಾಸನಾಳದ ಒಳಗೆ ಧೂಳನ್ನೂ ರೋಗಾಣುಗಳನ್ನೂ ಹೊರದೂಡುವ ಸಣ್ಣ ಕೂದಲಿನಂಥ ರಚನೆಗಳು ನಾಶವಾಗುತ್ತವೆ. ಕಣ್ಣು ಕೆಂಪಾಗಿ ನೀರಾಡುತ್ತದೆ. ಇಂಥ ಕೋಳಿಗೆ ಲಸಿಕೆ ಹಾಕಿಸಿದ್ದರೂ ಬೇರೆ ಉಸಿರಾಟದ ರೋಗಗಳು ಸುಲಭವಾಗಿ ತಗಲುತ್ತವೆ. ನಿತ್ಯ ಗೂಡಿನಲ್ಲಿ ಕೆಲಸ ಮಾಡುವವರ ಮೂಗು ಈ ವಾಸನೆಗೆ ಒಗ್ಗಿಹೋಗಿರುತ್ತದೆ. ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕುಕ್ಕರುಗಾಲಿನಲ್ಲಿ ಕುಳಿತು, ಕೋಳಿಯ ತಲೆಯ ಮಟ್ಟಕ್ಕೆ ಮುಖ ತಂದು ಒಮ್ಮೆ ಉಸಿರೆಳೆದು ನೋಡಬೇಕು. ನಿಂತವರಿಗೆ ತಿಳಿಯದ ಘಾಟು ಆಗ ತಿಳಿಯುತ್ತದೆ.

ರಕ್ತಭೇದಿ ಇನ್ನೂ ಕೆಟ್ಟದ್ದು. ಕಾಕ್ಸಿಡಿಯಾ ಜಾತಿಯ ಸೂಕ್ಷ್ಮ ಪರಾವಲಂಬಿಗಳ ತತ್ತಿಗಳು ಹಿಕ್ಕೆಯೊಡನೆ ಹೊರಬಿದ್ದಾಗ ಕೂಡಲೇ ರೋಗ ಹರಡುವ ಶಕ್ತಿ ಅವುಗಳಿಗೆ ಇರುವುದಿಲ್ಲ. ತೇವ, ಬೆಚ್ಚನೆಯ ಹವೆ ಮತ್ತು ಗಾಳಿ ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಅವು ಬಲಿಯುತ್ತವೆ. ಮರಿಗಳು ಹಾಸನ್ನು ಕುಕ್ಕುವಾಗ ಅವು ಹೊಟ್ಟೆ ಸೇರಿ, ಒಂದು ವಾರದೊಳಗೆ ರಕ್ತ ಬೆರೆತ ಹಿಕ್ಕೆ ಕಾಣಿಸಿಕೊಳ್ಳುತ್ತದೆ. ಮೂರರಿಂದ ಆರು ವಾರದ ಮರಿಗಳಲ್ಲಿ ಸಾವು ಹೆಚ್ಚು. ಈ ತತ್ತಿಗಳು ಫಿನಾಯಿಲಿನಂಥ ಸಾಮಾನ್ಯ ಔಷಧಿಗಳಿಗೆ ಬಗ್ಗುವುದಿಲ್ಲ. ಒಣಗಿಸುವಿಕೆಗೆ ಮತ್ತು ಶಾಖಕ್ಕೆ ಬಗ್ಗುತ್ತವೆ. ನೆಲ ತೊಳೆದು ಫಿನಾಯಿಲ್ ಸುರಿದು, ಅದು ಆರುವ ಮೊದಲೇ ಹಾಸು ಹರಡಿ ಮರಿ ಬಿಡುವ ಪದ್ಧತಿ ಎಷ್ಟೋ ಕಡೆ ಇದೆ. ಇದರಿಂದ ತತ್ತಿಗಳಿಗೆ ಬೇಕಾದ ತೇವವನ್ನು ನಾವೇ ಒದಗಿಸಿದಂತಾಗುತ್ತದೆ.

ನೊಣದ ವಿಷಯವೂ ಇಷ್ಟೇ. ಒಣ ಹಿಕ್ಕೆಯಲ್ಲಿ ನೊಣದ ಹುಳು ಬದುಕುವುದಿಲ್ಲ. ಒದ್ದೆ ಹಿಕ್ಕೆಯಲ್ಲಿ ಬೇಸಿಗೆಯ ಶಾಖಕ್ಕೆ ಏಳರಿಂದ ಹತ್ತು ದಿನಗಳಲ್ಲಿ ತತ್ತಿ ನೊಣವಾಗುತ್ತದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದ ನಗರವಿದು. ಕೋಳಿಯ ಕೂಗನ್ನು ಸಹಿಸಿಕೊಳ್ಳುವ ನೆರೆಮನೆಯವರೂ ಅಡಿಗೆಮನೆಗೆ ಬರುವ ನೊಣವನ್ನು ಸಹಿಸುವುದಿಲ್ಲ. ನಗರದಲ್ಲಿ ಎಷ್ಟೋ ಮಂದಿ ಕೋಳಿ ಸಾಕುವುದನ್ನು ಬಿಟ್ಟದ್ದು ನಷ್ಟದಿಂದಲ್ಲ, ನೆರೆಯವರ ಜಗಳದಿಂದ.

ಯಾವ ಹಾಸು ಸೂಕ್ತ?

ಮೈಸೂರಿನ ಮಟ್ಟಿಗೆ ಮೊದಲು ಹೇಳಬೇಕಾದದ್ದು ಭತ್ತದ ಹೊಟ್ಟು. ಕಾವೇರಿ ಮತ್ತು ಕಪಿಲೆಯ ನಾಲೆಗಳು ಹರಿಯುವ ಕೃಷ್ಣರಾಜನಗರ, ತಿರುಮಕೂಡಲು ನರಸೀಪುರ, ನಂಜನಗೂಡು ಕಡೆಗಳಲ್ಲಿ ಅಕ್ಕಿ ಗಿರಣಿಗಳಿವೆ. ಹೊಟ್ಟಿನ ಮೈಯಲ್ಲಿ ಮರಳಿನ ಅಂಶವಾದ ಸಿಲಿಕಾ ಹೆಚ್ಚಾಗಿರುವುದರಿಂದ ಅದು ನೀರನ್ನು ಬಹಳ ಹೀರುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಕಾಳುಗಳ ನಡುವೆ ಗಾಳಿ ಆಡುವುದರಿಂದ ಬೇಗ ಆರುತ್ತದೆ. ಆದರೆ ಹೊಟ್ಟು ತರುವಾಗ ಎಂಥ ಗಿರಣಿಯದೆಂದು ನೋಡಬೇಕು. ಹಳೆಯ ಹಲ್ಲರ್ ಗಿರಣಿಯಲ್ಲಿ ಹೊಟ್ಟು ಪುಡಿಯಾಗಿ ತೌಡಿನೊಡನೆ ಬೆರೆತು ಬರುತ್ತದೆ. ತೌಡಿರುವ ಹೊಟ್ಟಿಗೆ ಹುಳು ಬೀಳುತ್ತದೆ, ಇಲಿ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಹೊಟ್ಟು ಬೇರೆ ತೌಡು ಬೇರೆಯಾಗಿ ಬರುವ ಗಿರಣಿಯಿಂದ, ಒಡೆಯದ ಇಡೀ ಹೊಟ್ಟನ್ನೇ ತರಬೇಕು. ಅಂಗೈ ಮೇಲೆ ಉಜ್ಜಿದಾಗ ಜಿಡ್ಡಿನ ಪುಡಿ ಅಂಟಿದರೆ ಅದು ತೌಡು ಬೆರೆತದ್ದು. ಗಿರಣಿಗಳು ಬಾಯ್ಲರಿಗೂ ಇಟ್ಟಿಗೆ ಗೂಡಿನವರು ಸುಡುವುದಕ್ಕೂ ಹೊಟ್ಟನ್ನೇ ಬಳಸುವುದರಿಂದ, ಭತ್ತದ ಸುಗ್ಗಿಯಲ್ಲೇ ವರ್ಷಕ್ಕಾಗುವಷ್ಟು ಮೂಟೆ ಕಟ್ಟಿ ಒಣಜಾಗದಲ್ಲಿಡುವುದು ಜಾಣತನ.

ಬಡಗಿಯ ಉಜ್ಜುಗೊರಡಿನಿಂದ ಬೀಳುವ ಸುರುಳಿ ಚಕ್ಕೆ ಗುಣದಲ್ಲಿ ಹೊಟ್ಟಿಗಿಂತ ಒಂದು ಕೈ ಮೇಲು. ನೀರನ್ನು ಹೀರುತ್ತದೆ, ಬಿಡುತ್ತದೆ. ಮೈಸೂರಿನಲ್ಲಿ ಮರಗೆಲಸದ ಅಂಗಡಿಗಳಿಗೆ ಕೊರತೆಯಿಲ್ಲ. ಗೆದ್ದಲಿನ ಔಷಧಿ ಹೊಡೆದ ಮರ, ಬಣ್ಣ ಬಳಿದ ಮರ ಮತ್ತು ಪ್ಲೈವುಡ್ ಹಲಗೆಗಳ ಚಕ್ಕೆ ಮಾತ್ರ ಬೇಡ. ಇದೇ ಅಂಗಡಿಯ ಗರಗಸದ ಹುಡಿ ಬೇರೆ ವಸ್ತು. ಅದು ಬಹಳ ನೀರು ಹೀರುತ್ತದೆ, ಆದರೆ ಒತ್ತಾಗಿ ಕೂತು ಗಾಳಿಯಾಡಲು ಬಿಡುವುದಿಲ್ಲ. ಒಣಗಿದಾಗ ಧೂಳೆದ್ದು ಉಸಿರಿಗೆ ತೊಂದರೆ. ಎಳೆಯ ಮರಿಗಳು ಮೇವೆಂದು ತಿಳಿದು ನುಂಗಿ ಮೇವುಚೀಲ ಕಟ್ಟಿಕೊಂಡು ಸಾಯುವುದುಂಟು. ಬಳಸಲೇಬೇಕಾದರೆ ದೊಡ್ಡ ಕೋಳಿಗಳಿಗೆ, ಹೊಟ್ಟಿನೊಡನೆ ಅರ್ಧಕ್ಕರ್ಧ ಬೆರೆಸಿ ಹಾಕಬಹುದು.

ಕಡಲೆಕಾಯಿ ಸಿಪ್ಪೆ ಹಗುರ, ಚೆನ್ನಾಗಿ ಹೀರುತ್ತದೆ. ಆದರೆ ಒಮ್ಮೆ ನೆಂದರೆ ಬೂಷ್ಟು ಹಿಡಿಯುವುದು ಬಲು ಬೇಗ. ಬೂಷ್ಟಿನ ಬೀಜಕಣಗಳು ಉಸಿರಿನೊಡನೆ ಒಳಹೊಕ್ಕರೆ ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಾ ಸಾಯುತ್ತವೆ. ಅಸ್ಪರ್ಜಿಲೋಸಿಸ್ ಎಂಬ ಈ ರೋಗಕ್ಕೆ ನಂಬತಕ್ಕ ಚಿಕಿತ್ಸೆ ಇಲ್ಲ. ರಾಗಿ ಹುಲ್ಲು, ಭತ್ತದ ಹುಲ್ಲುಗಳನ್ನು ಎರಡಂಗುಲಕ್ಕೆ ಕತ್ತರಿಸಿ ಬೇಸಿಗೆಯಲ್ಲಿ ಹಾಕಬಹುದು. ಉದ್ದುದ್ದ ಹಾಕಿದರೆ ಚಾಪೆಯಂತೆ ಹೆಣೆದುಕೊಳ್ಳುತ್ತವೆ. ತೆಂಗಿನ ನಾರಿನ ಹುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಹೂಕುಂಡಕ್ಕೆ ಅದು ಒಳ್ಳೆಯ ಗುಣ, ಕೋಳಿಮನೆಗೆ ಅದೇ ದೋಷ.

ನಗರದಲ್ಲಿ ಖರ್ಚಿಲ್ಲದೆ ಸಿಗುವುದೆಂದು ತರಗೆಲೆ ಗುಡಿಸಿ ತರುವವರಿದ್ದಾರೆ. ಮನೆಯಂಗಳದ ಮಾವು, ಹೊಂಗೆಯ ಒಣ ಎಲೆಯಾದರೆ ಬೇರೆ ಹಾಸಿನೊಡನೆ ಬೆರೆಸಬಹುದು. ಆದರೆ ಕುಕ್ಕರಹಳ್ಳಿ, ಕಾರಂಜಿ ಮೊದಲಾದ ಕೆರೆಗಳ ದಂಡೆಯ ಎಲೆಯನ್ನು ಎಂದೂ ತರಬಾರದು. ಆ ಮರಗಳಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ತಂಗುತ್ತವೆ. ಎಲೆಯ ಮೇಲೆಲ್ಲ ಅವುಗಳ ಹಿಕ್ಕೆ. 2017ರ ಜನವರಿಯಲ್ಲಿ ಮೈಸೂರು ಮೃಗಾಲಯದಲ್ಲಿ ನೀರುಹಕ್ಕಿಗಳು ಸತ್ತು, ಹಕ್ಕಿಜ್ವರವೆಂದು ಖಚಿತವಾಗಿ, ಒಂದು ತಿಂಗಳ ಕಾಲ ಮೃಗಾಲಯವನ್ನೇ ಮುಚ್ಚಬೇಕಾಯಿತು. ಹಕ್ಕಿಜ್ವರದ ವಿಷಾಣು ರೋಗಿ ಹಕ್ಕಿಯ ಹಿಕ್ಕೆಯಲ್ಲಿ ಹೊರಬರುತ್ತದೆ. ತಂಪಾದ ಒದ್ದೆ ಹಿಕ್ಕೆಯಲ್ಲಿ ಬಹು ದಿನ ಬದುಕಿ, ಒಣ ಬಿಸಿಲಿನಲ್ಲಿ ಬೇಗ ಸಾಯುತ್ತದೆ.

ಎಳೆಯ ಮರಿಗಳನ್ನು ತಂದ ಮೊದಲ ಮೂರು ನಾಲ್ಕು ದಿನ ಹಾಸಿನ ಮೇಲೆ ಹಳೆಯ ವೃತ್ತಪತ್ರಿಕೆ ಹರಡಿ ದಿನವೂ ಬದಲಿಸಬೇಕು. ಹೆಚ್ಚು ದಿನ ಅದರ ಮೇಲೇ ಬಿಟ್ಟರೆ ಕಾಲು ಜಾರಿ ಜಾರಿ ಮರಿಗಳು ಕುಂಟಾಗುತ್ತವೆ.

ಮಳೆ, ಗಾಳಿ ಮತ್ತು ಕಟ್ಟಡ

ಎಂಥ ಹಾಸನ್ನೇ ತಂದರೂ ನೆಲದಿಂದಲೋ ಮಾಡಿನಿಂದಲೋ ನೀರು ಬಂದರೆ ವ್ಯರ್ಥ. ನೆಲ ಸುತ್ತಲಿನ ಮಟ್ಟಕ್ಕಿಂತ ಒಂದಡಿ ಎತ್ತರವಿದ್ದು, ಗಾರೆಯದೋ ಚಪ್ಪಡಿಯದೋ ಆಗಿರಬೇಕು. ಸಗಣಿ ಸಾರಿಸಿದ ಮಣ್ಣಿನ ನೆಲ ನೋಡಲು ಚೆಂದ; ಮಳೆಗಾಲದಲ್ಲಿ ಕೆಳಗಿನಿಂದ ತೇವ ಏರುತ್ತದೆ. ಮನೆಯ ಉದ್ದ ಪೂರ್ವ ಪಶ್ಚಿಮವಾಗಿರಲಿ. ಉದ್ದದ ಎರಡೂ ಬದಿಗೆ ಒಂದೂವರೆ ಅಡಿ ಗೋಡೆ, ಮೇಲೆ ತಂತಿಬಲೆ, ಅದರಾಚೆಗೆ ಮೂರು ಅಡಿ ಚಾಚಿದ ಮಾಡು ಇದ್ದರೆ ಗಾಳಿಯಾಡುತ್ತದೆ, ಎರಚಲು ಬಡಿಯುವುದಿಲ್ಲ.

ಮೈಸೂರಿನಲ್ಲಿ ಮಳೆ ಎರಡು ಬಾರಿ ಜೋರು. ಅಶ್ವಿನಿ, ಭರಣಿಯ ಗುಡುಗು ಮಳೆ ಏಪ್ರಿಲ್, ಮೇ ತಿಂಗಳಲ್ಲಿ. ಉತ್ತರೆ, ಹಸ್ತ, ಚಿತ್ತೆಯ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಡುವಿನ ಆಷಾಢದಲ್ಲಿ ಮಳೆ ಕಡಿಮೆಯಾದರೂ ಪಡುವಣ ಗಾಳಿ ತುಂತುರನ್ನು ಒಳಗೆ ತಳ್ಳುತ್ತದೆ. ಆಗ ಗಾಳಿ ಬರುವ ಕಡೆ ಮಾತ್ರ ಗೋಣಿಪರದೆ ಇಳಿಬಿಡಬೇಕು. ಚಳಿಯೆಂದು ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಗಿಯುವುದು ತಪ್ಪು. ದೊಡ್ಡ ಕೋಳಿಗೆ ಮೈಸೂರಿನ ಚಳಿ ಒಂದು ಚಳಿಯಲ್ಲ. ಹಾಳೆಯ ಒಳಗೆ ಬೆವೆತು ಹನಿಯುವ ನೀರು, ಹೊರಹೋಗದ ಅಮೋನಿಯಾ, ಇವೇ ಅದನ್ನು ಕೊಲ್ಲುವುದು.

ದಿನದ ಕೆಲಸ

ಕೋಳಿಗಳು ರಾತ್ರಿ ಅಡ್ಡೆಯ ಮೇಲೆ ಕುಳಿತಾಗ ದಿನದ ಹಿಕ್ಕೆಯ ಸುಮಾರು ಅರ್ಧ ಭಾಗ ಬೀಳುತ್ತದೆ. ಅಡ್ಡೆಯ ಕೆಳಗೆ ಒಂದು ತಗಡನ್ನೋ ಹಲಗೆಯನ್ನೋ ಇಟ್ಟು, ಅದರ ಮೇಲೆ ಒಂದು ಹಿಡಿ ಹೊಟ್ಟು ಉದುರಿಸಿ, ಬೆಳಿಗ್ಗೆ ಕೆರೆದು ತೆಗೆದರೆ ಮೇಲೆ ಹೇಳಿದ ನಾಲ್ಕು ಬಿಂದಿಗೆ ನೀರು ಎರಡು ಬಿಂದಿಗೆಗೆ ಇಳಿಯುತ್ತದೆ. ಹತ್ತು ನಿಮಿಷದ ಕೆಲಸ. ಸಣ್ಣ ಗೂಡಿನಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಮತ್ತೊಂದಿಲ್ಲ.

ಉಳಿದ ಒದ್ದೆಗೆ ಮುಖ್ಯ ಕಾರಣ ನೀರಿನ ಪಾತ್ರೆ. ಅದನ್ನು ಹಾಸಿನ ಮೇಲೆ ನೇರವಾಗಿ ಇಡದೆ, ತಂತಿಬಲೆ ಹೊದಿಸಿದ ಚೌಕಟ್ಟಿನ ಮೇಲೆ ಕೋಳಿಯ ಬೆನ್ನಿನ ಎತ್ತರಕ್ಕೆ ಇಡಬೇಕು. ಆಗ ಕೆದಕಿದ ಹೊಟ್ಟು ನೀರಿಗೆ ಬೀಳುವುದಿಲ್ಲ, ಚೆಲ್ಲಿದ ನೀರು ಹಾಸಿಗೆ ಸೇರುವುದಿಲ್ಲ. ಪಾತ್ರೆಯ ಸುತ್ತ ಹೆಪ್ಪುಗಟ್ಟಿದ ಹಾಸನ್ನು ಕಂಡ ದಿನವೇ ತೆಗೆದು ಒಣಹೊಟ್ಟು ತುಂಬಬೇಕು. ವಾರಕ್ಕೆ ಒಮ್ಮೆ, ಮಳೆಗಾಲದಲ್ಲಿ ಎರಡು ಬಾರಿ, ಇಡೀ ಹಾಸನ್ನು ಕೈಕುಂಟೆಯಿಂದ ಬುಡಮೇಲು ಮಾಡಬೇಕು. ಈ ಕೆಲಸಕ್ಕೆ ಬಿಸಿಲೇರಿದ ಹೊತ್ತು ಒಳ್ಳೆಯದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು.

ತೇವ ತಿಳಿಯಲು ಉಪಕರಣ ಬೇಕಿಲ್ಲ. ಒಂದು ಹಿಡಿ ಹಾಸನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಿಡಬೇಕು. ಉಂಡೆ ಹಾಗೆಯೇ ನಿಂತರೆ ಒದ್ದೆ ಹೆಚ್ಚು. ಸ್ವಲ್ಪ ಅಂಟಿಕೊಂಡು, ಕೈ ತೆರೆದೊಡನೆ ಉದುರಿದರೆ ಸರಿ. ಅಂಟದೆ ಧೂಳೆದ್ದರೆ ಅತಿಯಾಗಿ ಒಣಗಿದೆ. ಬೇಸಿಗೆಯಲ್ಲಿ ಹೀಗಾದರೆ ಒಂದಿಷ್ಟು ನೀರು ಚಿಮುಕಿಸಬಹುದು.

ಹಾಸಿಗೆ ಸುಣ್ಣ ಬೆರೆಸುವ ಸಲಹೆ ಹಳೆಯದು. ಅರಳಿದ ಸುಣ್ಣದ ಪುಡಿ ಹಾಸನ್ನು ಉದುರುದುರಾಗಿಸುವುದು ನಿಜ. ಆದರೆ ಹಿಕ್ಕೆ ತುಂಬಿದ ಒದ್ದೆ ಹಾಸಿಗೆ ಸುಣ್ಣ ಬಿದ್ದರೆ ಅದರಲ್ಲಿ ಅಡಗಿದ್ದ ಅಮೋನಿಯಾ ಒಮ್ಮೆಗೇ ಹೊರಬೀಳುತ್ತದೆ. ಬೂದಿಯೂ ಹೀಗೆಯೇ. ಘಾಟು ಹೊಡೆಯುತ್ತಿರುವ ಗೂಡಿಗೆ ಸುಣ್ಣ ಎರಚುವುದು ಉಪಕಾರವಲ್ಲ, ಅಪಕಾರ. ಅಲ್ಲಿ ಬೇಕಾದದ್ದು ಒದ್ದೆ ಹಾಸನ್ನು ಎತ್ತಿಹಾಕುವುದು. ಸೂಪರ್ ಫಾಸ್ಫೇಟ್ ಅಮೋನಿಯಾವನ್ನು ಹಿಡಿದಿಡುತ್ತದೆ, ಆದ್ದರಿಂದ ಗೊಬ್ಬರದ ಗುಂಡಿಯಲ್ಲಿ ಬೆರೆಸಲು ಯೋಗ್ಯ. ಬೂದಿಗೆ ಬೇರೆ ಕೆಲಸವಿದೆ. ಒಂದು ಮೂಲೆಯ ಪೆಟ್ಟಿಗೆಯಲ್ಲಿ ಮರಳಿನೊಡನೆ ಬೆರೆಸಿಟ್ಟರೆ ಕೋಳಿಗಳು ಅದರಲ್ಲಿ ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ಹಾಸನ್ನು ಪೂರ್ತಿ ಬದಲಿಸುವುದು

ಹಾಸನ್ನು ತೆಗೆಯದೆ, ಮೇಲೆ ಮೇಲೆ ಹೊಸತು ಸೇರಿಸುತ್ತ ಆರೆಂಟು ಅಂಗುಲದವರೆಗೆ ಬೆಳೆಸುವ ಡೀಪ್ ಲಿಟರ್ ಪದ್ಧತಿ 1940ರ ದಶಕದಲ್ಲಿ ಅಮೆರಿಕದ ಓಹೈಯೋ ಕೃಷಿ ಪ್ರಯೋಗ ಕೇಂದ್ರದಲ್ಲಿ ನಡೆದ ಕೆಲಸದಿಂದ ಹೆಸರಾಯಿತು. ಇಂಥ ಹಾಸಿನಲ್ಲಿ ಸೂಕ್ಷ್ಮಜೀವಿಗಳು ಹಿಕ್ಕೆಯನ್ನು ಕರಗಿಸುತ್ತವೆ, ಬಿ12 ಜೀವಸತ್ವವೂ ಉತ್ಪತ್ತಿಯಾಗುತ್ತದೆ. ಒಣಗಿರುವ ತನಕ ಇದು ಒಳ್ಳೆಯ ಪದ್ಧತಿ. ಆದರೆ ಒಂದು ತಂಡದ ಕೋಳಿ ಮುಗಿದು ಇನ್ನೊಂದು ತರುವ ಮೊದಲು, ಅಥವಾ ರೋಗ ಬಂದು ಹೋದ ಮೇಲೆ, ಪೂರ್ತಿ ಬದಲಿಸಲೇಬೇಕು. ಮೈಸೂರಿನಲ್ಲಿ ಇದಕ್ಕೆ ಫೆಬ್ರವರಿ, ಮಾರ್ಚ್ ಸೂಕ್ತ ಕಾಲ. ಬಿಸಿಲು ಹದವಾಗಿರುತ್ತದೆ, ಭರಣಿ ಮಳೆಗೆ ಇನ್ನೂ ಸಮಯವಿರುತ್ತದೆ.

ಮೊದಲು ಹಾಸನ್ನೆಲ್ಲ ತೆಗೆದು ನೆಲ, ಗೋಡೆಗಳನ್ನು ಒಣಗಿದ್ದಾಗಲೇ ಕೆರೆಯಬೇಕು. ಆಮೇಲೆ ಬಟ್ಟೆಸೋಡ ಹಾಕಿದ ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಒಣಗಲು ಬಿಡಬೇಕು. ಔಷಧಿ ಆನಂತರ. ಹಿಕ್ಕೆ ಅಂಟಿದ ನೆಲಕ್ಕೆ ಎಷ್ಟು ಔಷಧಿ ಸುರಿದರೂ ಕೊಳೆಯೇ ಅದನ್ನು ಕುಡಿದುಬಿಡುತ್ತದೆ. ಕೊನೆಗೆ ಗೋಡೆಗೆ ಸುಣ್ಣ ಬಳಿದು, ಕಡೆಯಪಕ್ಷ ಎರಡು ವಾರ ಖಾಲಿ ಬಿಡಬೇಕು. ಗೋಡೆಯ ಬಿರುಕು, ಅಡ್ಡೆಯ ಸಂದುಗಳನ್ನು ಮರೆಯಬಾರದು. ಕೋಳಿ ಉಣ್ಣೆ ಹಗಲೆಲ್ಲ ಅಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಹಗಲು ಕೋಳಿಯ ಮೈಯಲ್ಲಿ ಹುಡುಕಿದರೆ ಸಿಗದು. ರಾತ್ರಿ ದೀಪ ಹಿಡಿದು ನೋಡಬೇಕು. ಸಂದುಗಳಿಗೆ ಬ್ಲೋಲ್ಯಾಂಪಿನ ಉರಿ ತಾಗಿಸಿ, ಗಾರೆಯಿಂದ ಮುಚ್ಚುವುದೇ ಪರಿಹಾರ.

ತೆಗೆದ ಹಾಸು ಕಸವಲ್ಲ. ಅದರಲ್ಲಿ ಸುಮಾರು ನೂರಕ್ಕೆ 3 ಭಾಗ ಸಾರಜನಕ, 2 ಭಾಗ ರಂಜಕ, 2 ಭಾಗ ಪೊಟ್ಯಾಷ್ ಇರುತ್ತದೆ. ವರ್ಷವಿಡೀ ಆಳ ಹಾಸಿನ ಮೇಲೆ ಸಾಕಿದ 40 ಕೋಳಿಗಳಿಂದ ಸುಮಾರು ಒಂದು ಟನ್ ಗೊಬ್ಬರ ದೊರೆಯುತ್ತದೆ. ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ತರಗೆಲೆ, ಅಡಿಗೆಮನೆಯ ಕಸದೊಡನೆ ಪದರ ಪದರವಾಗಿ ಒಟ್ಟಿ, ಮಳೆ ಬೀಳದಂತೆ ಮುಚ್ಚಿ, ಎರಡು ವಾರಕ್ಕೊಮ್ಮೆ ತಿರುವಬೇಕು. ರಾಶಿಯ ಒಳಗೆ 55ರಿಂದ 60 ಡಿಗ್ರಿ ಸೆಂಟಿಗ್ರೇಡ್ ಶಾಖವೇರಿದರೆ ರಕ್ತಭೇದಿಯ ತತ್ತಿಗಳೂ ಜಂತುಗಳ ತತ್ತಿಗಳೂ ಸಾಯುತ್ತವೆ. ಗುಂಡಿಗೆ ಜಾಗವಿಲ್ಲದವರು ಮೂಟೆ ಕಟ್ಟಿ ಹತ್ತಿರದ ತೋಟದವರಿಗೆ ಕೊಡಬಹುದು. ಚರಂಡಿಗೆ ತಳ್ಳುವುದಾಗಲಿ, ಖಾಲಿ ನಿವೇಶನದಲ್ಲಿ ಸುರಿಯುವುದಾಗಲಿ ಕೂಡದು.

ಒಂದು ಸಂದರ್ಭದಲ್ಲಿ ಮಾತ್ರ ಹಾಸನ್ನು ಮುಟ್ಟಲೇಬಾರದು. ಎರಡು ಮೂರು ದಿನದೊಳಗೆ ಹಲವು ಕೋಳಿಗಳು ಇದ್ದಕ್ಕಿದ್ದಂತೆ ಸತ್ತರೆ, ಜುಟ್ಟು, ಗದ್ದಗಳು ನೀಲಿಗಟ್ಟಿದರೆ, ಹಾಸನ್ನಾಗಲಿ ಸತ್ತ ಕೋಳಿಯನ್ನಾಗಲಿ ಗೊಬ್ಬರವನ್ನಾಗಲಿ ಹೊರಗೆ ಸಾಗಿಸದೆ, ಉಳಿದ ಕೋಳಿಗಳನ್ನು ಮಾರದೆ, ಕೂಡಲೇ ಹತ್ತಿರದ ಪಶುವೈದ್ಯಾಲಯಕ್ಕೆ ತಿಳಿಸಬೇಕು. ಹಕ್ಕಿಜ್ವರವೆಂದು ಖಚಿತವಾದರೆ ಸರ್ಕಾರ ಪರಿಹಾರ ಕೊಡುವುದು ರೋಗ ತಡೆಗಾಗಿ ಕೊಂದ ಕೋಳಿಗಳಿಗೆ, ಅದಕ್ಕೆ ಮೊದಲೇ ಸತ್ತವುಗಳಿಗಲ್ಲ. ತಿಳಿಸಲು ತಡವಾದ ಪ್ರತಿ ದಿನವೂ ಮನೆಯವರಿಗೇ ನಷ್ಟ. ಅಧಿಕಾರಿಗಳು ಬರುವ ತನಕ ಗೂಡಿನ ಬಾಗಿಲು ಮುಚ್ಚಿಟ್ಟು, ಒಳಗೆ ಹೋದವರು ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಬೇಕು.